ಏಳು ಮೆಗಾಹರ್ಟ್ಸ್‌ನ ನಡುಮನೆ

ಹವ್ಯಾಸಿ ರೇಡಿಯೊದ ಪರವಾನಗಿ ಒಬ್ಬರ ಹೆಸರಿಗೆ ಬರುತ್ತದೆ. ಪರೀಕ್ಷೆ ಬರೆದವರು ಒಬ್ಬರು, ಪೊಲೀಸರು ವಿಚಾರಿಸಿಕೊಂಡು ಹೋದದ್ದು ಒಬ್ಬರ ಮನೆಗೆ, ಗಾಳಿಯಲ್ಲಿ ಗುರುತು ಹೇಳುವ ಕಾಲ್‌ಸೈನ್ ಕೂಡ ಒಬ್ಬರದೇ. ಆದರೆ ಆ ಒಬ್ಬರು ಮೈಕ್ ಹಿಡಿದು ಕರೆದಾಗ ಓಗೊಡಲು ಯಾರೂ ಇಲ್ಲದಿದ್ದರೆ ಎಷ್ಟು ಬೆಲೆಯ ರಿಗ್ (ರೇಡಿಯೊ ಸೆಟ್ಟು) ಇದ್ದು ಏನು ಬಂತು? ಟೆಲಿಫೋನಿನಲ್ಲಾದರೆ ಯಾರಿಗೆ ಕರೆ ಮಾಡಬೇಕೆಂದು ಮೊದಲೇ ಗೊತ್ತಿರುತ್ತದೆ. ಹ್ಯಾಮ್, ಅಂದರೆ ರೇಡಿಯೊ ಹವ್ಯಾಸಿ, ಮಾತ್ರ ‘ಸೀಕ್ಯೂ’ ಎಂದು ಊರಿಗೆಲ್ಲ ಕೂಗಿ ಕಾಯುತ್ತಾನೆ. ಹೀಗಾಗಿ ಈ ಹವ್ಯಾಸದ ಚರಿತ್ರೆ ಬರೆಯಹೊರಟರೆ ಅದು ವ್ಯಕ್ತಿಗಳಿಗಿಂತ ಹೆಚ್ಚಾಗಿ ಗುಂಪುಗಳ ಚರಿತ್ರೆಯಾಗುತ್ತದೆ.

ಬೆಂಗಳೂರಿನವರಿಗೆ ಕ್ಲಬ್ ಎಂದರೆ ತಿಂಗಳ ಸಭೆ, ತರಗತಿ, ಚಹಾ, ಹಳೆಯ ಟ್ರಾನ್ಸ್‌ಫಾರ್ಮರ್ ಕೈ ಬದಲಾಗುವ ಜಾಗ. ದಾವಣಗೆರೆ ಅಥವಾ ಹರಿಹರದಲ್ಲಿ ರಿಗ್ ಇಟ್ಟುಕೊಂಡವರಿಗೆ ಕ್ಲಬ್ ಎಂದರೆ ಮೊದಲಿಗೆ ಒಂದು ಫ್ರೀಕ್ವೆನ್ಸಿ, ಬೆಳಗಿನ ಒಂದು ಹೊತ್ತು. ಇದನ್ನು ಕೊರತೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಏಕೆಂದು ತಿಳಿಯಲು ಭೂಪಟ ಬಿಚ್ಚಿ ದಾವಣಗೆರೆಯ ಮೇಲೆ ಕೈವಾರದ ಮುಳ್ಳು ಊರಿದರೆ ಸಾಕು.

ನೇರ ಗೆರೆ ಎಳೆದರೆ ಇಲ್ಲಿಂದ ಕಾರವಾರ ಸುಮಾರು 200 ಕಿಲೋಮೀಟರ್. ಮಂಗಳೂರು ಇನ್ನೊಂದು ಹತ್ತು ಕಿಲೋಮೀಟರ್ ಹೆಚ್ಚು. ಬೆಂಗಳೂರು, ಮೈಸೂರು ಎರಡೂ 250ರ ಆಸುಪಾಸು. ಕಲಬುರಗಿ 330, ತುತ್ತತುದಿಯ ಬೀದರ್ 420ರ ಹತ್ತಿರ. ಅಂಗೈಯಲ್ಲಿ ಹಿಡಿಯುವ ಎರಡು ಮೀಟರ್ ಬ್ಯಾಂಡಿನ ಸೆಟ್ಟಿಗೆ, ಅಂದರೆ 144ರಿಂದ 146 ಮೆಗಾಹರ್ಟ್ಸ್‌ನ ವಿಎಚ್‌ಎಫ್‌ಗೆ, ಇವುಗಳಲ್ಲಿ ಒಂದೂ ಎಟುಕುವುದಿಲ್ಲ. ಆ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದಿಗಂತದವರೆಗೆ ಹೋಗಿ ಸುಸ್ತಾಗುತ್ತದೆ. ಮಂಗಳೂರಿನ ಕಡೆಗಂತೂ ಘಟ್ಟವೇ ಅಡ್ಡ. 14 ಕಿಲೋಮೀಟರ್ ದೂರದ ಹರಿಹರದ ಮಹಡಿಯಿಂದ ದಾವಣಗೆರೆಯ ಮಹಡಿಗೆ ಮಾತಾಡಲು ಅದು ಧಾರಾಳವಾಯಿತು, ರಾಜ್ಯ ತಲುಪಲು ಸಾಲದು.

ಆಗ ಒದಗುವುದು ನಲವತ್ತು ಮೀಟರ್ ಬ್ಯಾಂಡು, ಅಂದರೆ 7 ಮೆಗಾಹರ್ಟ್ಸ್. ಒಟ್ಟು ಇಪ್ಪತ್ತು ಮೀಟರ್ ಉದ್ದದ ತಾಮ್ರದ ತಂತಿ, ನಡುವೆ ಕತ್ತರಿಸಿ ಕೋಆಕ್ಸ್ ಕೇಬಲ್ ಜೋಡಿಸಿದರೆ ಡೈಪೋಲ್ ಆಂಟೆನಾ ಸಿದ್ಧ. ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ತುದಿ ಮಹಡಿಯ ಪೈಪಿಗೆ. ವಿದೇಶ ಹಿಡಿಯಬೇಕೆನ್ನುವವರು ಈ ತಂತಿಯನ್ನು ಎಷ್ಟು ಎತ್ತರಕ್ಕೆ ಏರಿಸಿದರೂ ಸಾಲದೆಂದು ಕೊರಗುತ್ತಾರೆ. ನಮಗೆ ಎಂಟು–ಹತ್ತು ಮೀಟರ್ ಎತ್ತರವೇ ಲೇಸು. ತಗ್ಗಿನಲ್ಲಿ ಕಟ್ಟಿದ ಡೈಪೋಲ್ ತನ್ನ ಬಹುಪಾಲು ಶಕ್ತಿಯನ್ನು ನೆತ್ತಿಯ ಮೇಲಕ್ಕೆ ಎಸೆಯುತ್ತದೆ. ಅದು ಇನ್ನೂರೈವತ್ತು–ಮುನ್ನೂರು ಕಿಲೋಮೀಟರ್ ಮೇಲಿನ ಅಯಾನುಮಂಡಲದ ಪದರಕ್ಕೆ ತಗುಲಿ ಮಳೆಯಂತೆ ಸುತ್ತಲೂ ಇಳಿಯುತ್ತದೆ. ಹೀಗೆ ಹಗಲಿನಲ್ಲಿ ನಾಲ್ಕುನೂರು ಕಿಲೋಮೀಟರಿನ ಒಳಗಿನ ಊರುಗಳೆಲ್ಲ ಒಂದೇ ಸಮನೆ ಕೇಳುತ್ತವೆ, ಘಟ್ಟದ ಆಚೆಯ ಮಂಗಳೂರೂ ಸೇರಿ. ಬೀದರಿನವರು ಕರಾವಳಿಯವರನ್ನು ಕೇಳಲಾಗದೆ ತಡಕಾಡುವ ದಿನಗಳಲ್ಲಿ ನಡುವಿನ ದಾವಣಗೆರೆಯಲ್ಲಿ ಕೂತವರಿಗೆ ಇಬ್ಬರೂ ಸಿಗುವ ಸಂಭವ ಹೆಚ್ಚು. ರಾಜ್ಯದ ರಾಜಧಾನಿ ದಾವಣಗೆರೆಯೇ ಆಗಬೇಕಿತ್ತು ಎಂಬುದು ಈ ಊರಿನ ಹಳೆಯ ಹರಟೆ. ಆಗಲಿಲ್ಲ, ಬಿಡಿ. ಏಳು ಮೆಗಾಹರ್ಟ್ಸ್‌ನಲ್ಲಿ ಮಾತ್ರ ನಮ್ಮದೇ ನಡುಮನೆ.

ಸಂಜೆಯಾದರೆ ಈ ಲೆಕ್ಕ ತಲೆಕೆಳಗು. ಸೂರ್ಯ ಮುಳುಗಿದ ಮೇಲೆ ಪದರ ತೆಳುವಾಗಿ, ನೆಟ್ಟಗೆ ಮೇಲೇರಿದ ಅಲೆ ತಿರುಗಿ ಬಾರದೆ ಹಾಗೇ ಹೊರಟುಹೋಗುತ್ತದೆ. ಓರೆಯಾಗಿ ಹೋದದ್ದು ಮಾತ್ರ ದೂರದಲ್ಲೆಲ್ಲೋ ಇಳಿಯುತ್ತದೆ. ಆಗ ಬೆಂಗಳೂರು ಮಾಯ, ಸಾವಿರಾರು ಕಿಲೋಮೀಟರ್ ಆಚೆಯ ದೇಶಗಳು ಪಕ್ಕದ ಮನೆಯವರಂತೆ ಸ್ಪಷ್ಟ. ರಾತ್ರಿ ಊರಿನವರೊಡನೆ ಮಾತು ಬೇಕಿದ್ದರೆ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕು, ಅದಕ್ಕೆ ನಲವತ್ತು ಮೀಟರ್ ತಂತಿ ಬೇಕು. ನಗರದ ಮೂವತ್ತು–ನಲವತ್ತರ ನಿವೇಶನದಲ್ಲಿ ಅದನ್ನು ಎಲ್ಲಿ ಎಳೆಯುವುದೆಂಬುದು ಬೇರೆಯೇ ಅಧ್ಯಾಯ. ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಕಡಿಮೆಯಾಗುವ ಕಾಲದಲ್ಲಿ ಹಗಲಿನ ಏಳು ಮೆಗಾಹರ್ಟ್ಸ್ ಕೂಡ ಹತ್ತಿರದ ಊರುಗಳಿಗೆ ಕೈಕೊಡುವುದುಂಟು. ಇನ್ನು ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಆಂಟೆನಾದ ಕೇಬಲ್ ಕಳಚಿಡುವುದು ಹ್ಯಾಮ್ ಮನೆಗಳಲ್ಲಿ ದೀಪ ಹಚ್ಚುವಷ್ಟೇ ರೂಢಿ.

ಈ ಹವ್ಯಾಸಕ್ಕೆ ನಮ್ಮ ದೇಶದಲ್ಲಿ ಒಂದು ದೊಡ್ಡ ವಂಶಾವಳಿಯೇ ಇದೆ. 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಮತ್ತು ಮುಕುಲ್ ಬೋಸ್ ಪರವಾನಗಿ ಪಡೆದ ಮೊದಲ ಭಾರತೀಯ ಹವ್ಯಾಸಿಗಳು. ಆ ಕಾಲದಲ್ಲಿ ಹವ್ಯಾಸಿ ಪ್ರಸಾರಕ್ಕೂ ಸಾರ್ವಜನಿಕ ಪ್ರಸಾರಕ್ಕೂ ನಡುವಿನ ಗೋಡೆ ಇನ್ನೂ ಎದ್ದಿರಲಿಲ್ಲ. ಅದಕ್ಕೆ ನಮ್ಮ ನಾಡಿನದೇ ಸಾಕ್ಷಿಯಿದೆ. ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಕೈಯಿಂದ ಹಣ ಹಾಕಿದರು, ಊರಿನವರಿಂದ ಎತ್ತಿದರು, ವರ್ಷಗಟ್ಟಲೆ ನಡೆಸಿದರು. ಅವರ ನಿಲಯದ ಹೆಸರಾಗಿದ್ದ ‘ಆಕಾಶವಾಣಿ’ ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಯ ಹೆಸರಾಯಿತು. 1942ರ ಹೊತ್ತಿಗೆ ಸಂಸ್ಥಾನ ಅದನ್ನು ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ಗೋಪಾಲಸ್ವಾಮಿಯವರನ್ನು ಹ್ಯಾಮ್ ಎಂದು ಕರೆಯುವುದು ನಿಯಮದ ಪ್ರಕಾರ ಸರಿಯಾಗದು. ಆದರೆ ಕೆಲಸದ ಗುಣ ನೋಡಿದರೆ ಅವರು ನಮ್ಮವರೇ.

1939ರಲ್ಲಿ ಯುದ್ಧ ಶುರುವಾದೊಡನೆ ಸರ್ಕಾರ ಹವ್ಯಾಸಿಗಳ ಪರವಾನಗಿ ರದ್ದು ಮಾಡಿ ಟ್ರಾನ್ಸ್‌ಮಿಟರ್‌ಗಳನ್ನು ಒಪ್ಪಿಸಿಕೊಂಡಿತು. ಒಪ್ಪಿಸದೆ ಉಳಿದ ಬಿಡಿಭಾಗಗಳು, ಬೆರಳಲ್ಲಿ ಉಳಿದ ವಿದ್ಯೆ ಎರಡೂ 1942ರಲ್ಲಿ ಕೆಲಸಕ್ಕೆ ಬಂದವು. ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರು ನಡೆಸಿದ ಗುಪ್ತ ‘ಕಾಂಗ್ರೆಸ್ ರೇಡಿಯೊ’ಗೆ ಯಂತ್ರ ಕಟ್ಟಿಕೊಟ್ಟವರು ನಾರಿಮನ್ ಪ್ರಿಂಟರ್ ಎಂಬ ಹವ್ಯಾಸಿ. ಆಗಸ್ಟ್ ಕೊನೆಯಿಂದ ನವೆಂಬರ್ 12ರವರೆಗೆ, ಪೊಲೀಸರ ಕೈಗೆ ಸಿಗುವ ತನಕ, ಅದು 42.34 ಮೀಟರ್‌ನಲ್ಲಿ ಮಾತಾಡಿತು. ಲೆಕ್ಕ ಹಾಕಿ ನೋಡಿ: ಅದು ಸುಮಾರು 7.08 ಮೆಗಾಹರ್ಟ್ಸ್. ಇವತ್ತು ನಾವು ‘ತಿಂಡಿ ಆಯಿತಾ’ ಎಂದು ವಿಚಾರಿಸಿಕೊಳ್ಳುವ ಜಾಗಕ್ಕೆ ಕೂದಲೆಳೆ ದೂರ!

ಸ್ವಾತಂತ್ರ್ಯದ ನಂತರ 1948ರಲ್ಲಿ ಮ್ಹೌ ಪಟ್ಟಣದ ಸೇನಾ ಸಿಗ್ನಲ್ಸ್ ಶಾಲೆಯಲ್ಲಿ ಹುಟ್ಟಿದ ಕ್ಲಬ್ 1954ರಲ್ಲಿ ದೆಹಲಿಗೆ ಬಂದು ಭಾರತದ ಹವ್ಯಾಸಿ ರೇಡಿಯೊ ಸೊಸೈಟಿಯಾಯಿತು. ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಆರಂಭವಾದದ್ದು 1959ರಲ್ಲಿ. ಆ ನಗರದಲ್ಲಿ ಅದು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಅಲ್ಲಿ ಶುರುವಾಗಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ಎಂಜಿನಿಯರಿಂಗಿನ ವಿಭಾಗವಿತ್ತು. ಹಗಲು ಸರ್ಕಾರದ ರೇಡಿಯೊ, ರಾತ್ರಿ ಸ್ವಂತ ರೇಡಿಯೊ ಎಂಬಂಥ ಜನ ಆ ಊರಿನಲ್ಲಿ ಧಾರಾಳವಾಗಿದ್ದರು. ನಂತರದ ವರ್ಷಗಳಲ್ಲಿ ಮಂಗಳೂರಿನಲ್ಲಿ ಕ್ಲಬ್ ಆಯಿತು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಪರೀಕ್ಷೆಗೆ ತರಬೇತಿ ಕೊಡತೊಡಗಿತು.

ನಮ್ಮ ಕಡೆಯ ದಾರಿ ಬೇರೆ. ಇಲ್ಲಿ ರೇಡಿಯೊ ಎಂದರೆ ಮೊದಲು ಕೇಳುವ ರೇಡಿಯೊ. 1950ರಲ್ಲಿ ಧಾರವಾಡ, 1965ರಲ್ಲಿ ಭದ್ರಾವತಿ ನಿಲಯಗಳು ಬಂದಾಗ ಎರಡರ ನಡುವೆ ಸಿಕ್ಕ ದಾವಣಗೆರೆಗೆ ಎರಡೂ ಕೇಳುತ್ತಿದ್ದವು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಫೀ ಕಟ್ಟಿ ಮರ್ಫಿ, ಫಿಲಿಪ್ಸ್ ಸೆಟ್ಟುಗಳನ್ನು ಇಟ್ಟುಕೊಂಡ ಮನೆಗಳಿದ್ದವು. ಅವು ಕೆಟ್ಟಾಗ ಹೊತ್ತುಕೊಂಡು ಹೋಗಲು ರಿಪೇರಿ ಅಂಗಡಿಗಳಿದ್ದವು. ಸಾಲ್ಡರಿಂಗ್ ಐರನ್ ಹಿಡಿಯುವುದನ್ನು ಎಷ್ಟೋ ಹುಡುಗರು ಕಲಿತದ್ದು ಇಂಥ ಅಂಗಡಿಯ ಸ್ಟೂಲಿನ ಮೇಲೆ. ದಾವಣಗೆರೆಗೆ 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದವು. ಹರಿಹರದ್ದು ಇನ್ನೊಂದು ವಿದ್ಯೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತಾದರೂ ಆ ಊರಿನಲ್ಲಿ ಟರ್ನರ್, ಫಿಟ್ಟರ್‌ಗಳನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಅಸಡ್ಡೆಯಿರುವ ಒಂದು ಸತ್ಯವಿದು: ರೇಡಿಯೊ ಕಟ್ಟುವುದರಲ್ಲಿ ಅರ್ಧ ಕೆಲಸ ಲೋಹದ್ದು. ಅಲ್ಯೂಮಿನಿಯಂ ಚಾಸಿ, ಆಂಟೆನಾ ತಿರುಗಿಸುವ ರೋಟರ್, ಮಾರ್ಸ್ ಸಂಕೇತ ಒತ್ತುವ ಕೀಯ ಹಿತ್ತಾಳೆ ತೋಳು, ಗಾಳಿಗೆ ಬಾಗದ ಮಾಸ್ಟ್ ಇವೆಲ್ಲ ಲೇತಿನವರ ಕೈಯಿಂದಲೇ ಬರಬೇಕು.

ಆಮದು ರಿಗ್ ಎಂಬುದು ಕನಸಾಗಿದ್ದ ಕಾಲದಲ್ಲಿ ಎಲ್ಲವನ್ನೂ ಮನೆಯಲ್ಲೇ ಕಟ್ಟಬೇಕಿತ್ತು. ಅದನ್ನೇ ಹ್ಯಾಮ್‌ಗಳು ಹೋಮ್‌ಬ್ರೂ ಎನ್ನುವುದು. ಯುದ್ಧಕಾಲದ ಡಿಸ್ಪೋಸಲ್ ಸೆಟ್ಟುಗಳು, 807 ವಾಲ್ವು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚೌಕಾಶಿ ಮಾಡಿ ತಂದ ವೇರಿಯಬಲ್ ಕಂಡೆನ್ಸರ್. 1980ರ ದಶಕದಲ್ಲಿ ಆಮದು ನಿಯಮ ಸಡಿಲವಾಯಿತು. ಪ್ರಧಾನಿ ರಾಜೀವ್ ಗಾಂಧಿ ಸ್ವತಃ ವಿಯು2ಆರ್‌ಜಿ ಎಂಬ ಕಾಲ್‌ಸೈನಿನ ಹ್ಯಾಮ್ ಆಗಿದ್ದದ್ದು ಅದಕ್ಕೆ ಅನುಕೂಲವಾಯಿತು. ಜಪಾನಿನ ರಿಗ್‌ಗಳು ಬಂದವು. ಅದೇ ಹೊತ್ತಿಗೆ ಮನೆಮನೆಗೆ ಟಿವಿಯೂ ಬಂತು, ಜಗಳವೂ ಬಂತು. ಹ್ಯಾಮ್ ಕೀ ಒತ್ತಿದಾಗಲೆಲ್ಲ ಪಕ್ಕದ ಮನೆಯ ಪರದೆಯ ಮೇಲೆ ಗೆರೆ ಎದ್ದರೆ ನೆರೆಹೊರೆಯವರು ಎಷ್ಟು ದಿನ ಸುಮ್ಮನಿದ್ದಾರು? ಫಿಲ್ಟರ್ ಹಾಕಿ, ಅರ್ಥಿಂಗ್ ಸರಿಮಾಡಿ, ಭಾನುವಾರ ಸಿನಿಮಾದ ಹೊತ್ತಿನಲ್ಲಿ ರಿಗ್ ಮುಟ್ಟುವುದಿಲ್ಲವೆಂದು ಒಪ್ಪಿ ರಾಜಿಯಾಗಬೇಕಿತ್ತು. ದೊಡ್ಡ ರಿಗ್ ಬಂದಮೇಲೆ ಕಟ್ಟುವ ಚಟ ಕಡಿಮೆಯಾಯಿತೆಂಬ ಹಿರಿಯರ ದೂರು ಪೂರ್ತಿ ನಿಜವಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ (ವಿಯು2ಇಎಸ್‌ಇ) ಈ ಶತಮಾನದ ಮೊದಲ ದಶಕದಲ್ಲಿ ರೂಪಿಸಿದ ‘ಬಿಟ್‌ಎಕ್ಸ್’ ಟ್ರಾನ್ಸೀವರ್ ಸಣ್ಣ ಊರಿನ ಅಂಗಡಿಯಲ್ಲಿ ಸಿಗುವ ಟ್ರಾನ್ಸಿಸ್ಟರ್‌ಗಳಿಂದಲೇ ಆಗುತ್ತದೆ. ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಸಾಕು. ಜಗತ್ತಿನ ಎಷ್ಟೋ ದೇಶಗಳ ಹ್ಯಾಮ್‌ಗಳು ಅದನ್ನು ಕಟ್ಟಿ ಮಾತಾಡಿದ್ದಾರೆ. ಹಾರ್ಡ್‌ವೇರ್ ಅಂಗಡಿಗಳಿಗೆ ಬರವಿಲ್ಲದ ಹರಿಹರದಂಥ ಊರಿಗೆ ಇದಕ್ಕಿಂತ ಒಗ್ಗುವ ಸರ್ಕಿಟ್ ಇನ್ನೊಂದಿಲ್ಲ.

ಪರವಾನಗಿಯ ಕತೆ ಚಿಕ್ಕದಾಗಿ ಹೇಳುತ್ತೇನೆ, ಅನುಭವಿಸಿದವರಿಗೆ ಅದು ಚಿಕ್ಕದಾಗಿರಲಿಲ್ಲ. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ಪರೀಕ್ಷೆ ನಡೆಸುತ್ತದೆ. 12 ವರ್ಷ ತುಂಬಿದವರು ಬರೆಯಬಹುದು. ರೇಡಿಯೊ ತತ್ತ್ವ ಒಂದು ಭಾಗ, ಕಾನೂನು ಇನ್ನೊಂದು. ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ವಿಯು3, ಜನರಲ್ ದರ್ಜೆಯವರಿಗೆ ವಿಯು2 ಎಂದು ಶುರುವಾಗುವ ಕಾಲ್‌ಸೈನ್. ಹಿಂದೆ ಮಾರ್ಸ್ ಇಲ್ಲದೆ ಪೂರ್ಣ ಪರವಾನಗಿ ಇರಲಿಲ್ಲ, ಮೇಲಿನ ದರ್ಜೆಗೆ ನಿಮಿಷಕ್ಕೆ ಹನ್ನೆರಡು ಪದಗಳ ವೇಗ ಬೇಕಿತ್ತು. 2003ರಲ್ಲಿ ಜಿನೀವಾದ ಜಾಗತಿಕ ರೇಡಿಯೊ ಸಮ್ಮೇಳನ ಮಾರ್ಸ್‌ನ ಕಡ್ಡಾಯವನ್ನು ಕೈಬಿಟ್ಟ ಮೇಲೆ ನಮ್ಮಲ್ಲೂ ನಿಯಮ ಸಡಿಲವಾಯಿತು. ಆಮೇಲೆ ಜನರಲ್ ದರ್ಜೆಗೆ ಎಂಟು ಪದ ಸಾಕಾಯಿತು. ಪರೀಕ್ಷೆ ಪಾಸಾದ ಮೇಲೂ ಗೃಹ ಇಲಾಖೆಯ ಒಪ್ಪಿಗೆಗೆಂದು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಕಾಯುವುದು ಹಳೆಯ ತಲೆಮಾರಿನವರೆಲ್ಲರ ಪಾಡಾಗಿತ್ತು. ಆ ಕಾಲದಲ್ಲಿ ಹುಡುಗರನ್ನು ಹಿಡಿದಿಟ್ಟದ್ದು ಕ್ಲಬ್ಬಿನ ಮಾರ್ಸ್ ತರಗತಿ. ಪರವಾನಗಿ ಬರುವವರೆಗೆ ಪ್ರಸಾರ ಮಾಡುವಂತಿಲ್ಲ, ಕೇಳಲು ಮಾತ್ರ ಅವಕಾಶ. ಕೇಳುತ್ತ ಕೇಳುತ್ತ ಕಿವಿ ಹದವಾಗುತ್ತಿತ್ತು. ‘ಡಾಡಿಡಾಡಿ ಡಾಡಾಡಿಡಾ’ ಎಂದರೆ ಸೀಕ್ಯೂ. ಬಸ್ಸಿನ ಹಾರ್ನ್ ಕೇಳಿದರೂ ಅಕ್ಷರ ಹುಡುಕುವಷ್ಟು ಅದು ತಲೆಗೆ ಹತ್ತುತ್ತಿತ್ತು.

ಇನ್ನು ಬೆಳಗಿನ ನೆಟ್, ಅಂದರೆ ಹ್ಯಾಮ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ಹೊತ್ತು. ಹೊರಗಿನವರಿಗೆ ಇದು ತೀರಾ ಸಪ್ಪೆ ಅನ್ನಿಸಬಹುದು. ನೆಟ್ ಕಂಟ್ರೋಲ್ ಮಾಡುವವರು ನಿಗದಿತ ಹೊತ್ತಿಗೆ ಫ್ರೀಕ್ವೆನ್ಸಿ ಖಾಲಿ ಇದೆಯೇ ಎಂದು ಕೇಳಿ ಶುರುಮಾಡುತ್ತಾರೆ. ಒಬ್ಬೊಬ್ಬರೇ ಕಾಲ್‌ಸೈನ್ ಹೇಳಿ ಹಾಜರಿ ಹಾಕುತ್ತಾರೆ. ಸಿಗ್ನಲ್ ರಿಪೋರ್ಟು, ಹವಾಮಾನ, ಹೊಸ ಆಂಟೆನಾ, ಹಳೆಯ ಬೆನ್ನುನೋವು. ಕಾಲ್‌ಸೈನ್ ಇಂಗ್ಲಿಷಿನಲ್ಲಿ, ಉಳಿದದ್ದು ಕನ್ನಡದಲ್ಲಿ, ನಡುನಡುವೆ ‘ಓಎಂ’ (ಓಲ್ಡ್ ಮ್ಯಾನ್), ಕೊನೆಗೆ ವಿದಾಯದ ‘ಸೆವೆಂಟಿ ಥ್ರೀ’. ಎಪ್ಪತ್ತರ ಹಿರಿಯರೂ ಹದಿನೇಳರ ಹುಡುಗನೂ ಒಬ್ಬರಿಗೊಬ್ಬರು ‘ಓಎಂ’ ಎನ್ನುವುದು ಬೇರೆಲ್ಲಿ ಸಾಧ್ಯ? ಕನ್ನಡ ಬಂದೊಡನೆ ಮಾತ್ರ ಹುಡುಗ ‘ಸರ್’ಗೆ ಜಾರುತ್ತಾನೆ, ಹಿರಿಯರು ‘ಏನಪ್ಪಾ’ಗೆ. ವ್ಯಾಪಾರ, ರಾಜಕೀಯ, ಸಂಗೀತ ಮೂರೂ ನಿಷಿದ್ಧ. ದಾವಣಗೆರೆಯವರಿಗೆ ಮೊದಲನೆಯದು ಕಷ್ಟ, ಹತ್ತಿ ಗಿರಣಿಗಳ ಕಾಲದಿಂದಲೂ ದರ ವಿಚಾರಿಸುವುದು ಈ ಊರಿನ ಕುಶಲ ಪ್ರಶ್ನೆ. ಮಾತಾಡಿದ್ದು ಮುಗಿದಮೇಲೆ ಲಾಗ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಫ್ರೀಕ್ವೆನ್ಸಿ, ಕಾಲ್‌ಸೈನ್ ಬರೆಯಬೇಕು. ಮನೆ ಖಾಲಿ ಮಾಡುವಾಗ ರದ್ದಿಗೆ ಮೊದಲು ಹೋಗುವುದೂ ಇದೇ ಲಾಗ್‌ಬುಕ್ಕು. ಮಾತಾಡಿದ್ದನ್ನು ಖಚಿತಪಡಿಸಿ ಕಳಿಸುವ ಕ್ಯೂಎಸ್‌ಎಲ್ ಕಾರ್ಡುಗಳನ್ನು ಅಂದಕ್ಕಾದರೂ ಮಕ್ಕಳು ಇಟ್ಟುಕೊಳ್ಳುತ್ತಾರೆ. ಯಾವ ಊರಿನಲ್ಲಿ ಯಾವ ವರ್ಷ ಯಾರು ರೇಡಿಯೊ ಹಚ್ಚಿದ್ದರು ಎಂಬುದರ ನಿಜವಾದ ದಾಖಲೆ ಮಾತ್ರ ಆ ರೂಲು ಹಾಕಿದ ಪುಸ್ತಕದಲ್ಲೇ ಇರುತ್ತದೆ.

ಹ್ಯಾಮ್‌ಗಳಿಗೆ ಆಕಾಶದಲ್ಲೂ ಒಂದು ಸ್ವಂತ ಮನೆ ಇತ್ತು. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ–ಸಿ6 ರಾಕೆಟ್ ಕಾರ್ಟೊಸ್ಯಾಟ್–1ರ ಜೊತೆಗೆ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟನ್ನೂ ಒಯ್ದಿತು. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಕಟ್ಟಿದ ಅದರಲ್ಲಿ ಎರಡು ಟ್ರಾನ್ಸ್‌ಪಾಂಡರ್‌ಗಳಿದ್ದವು. ಒಂದು ನಮ್ಮವರು ಮಾಡಿದ್ದು, ಇನ್ನೊಂದು ನೆದರ್ಲೆಂಡ್ಸಿನ ವಿದ್ಯಾರ್ಥಿ ಹ್ಯಾಮ್ ಒಬ್ಬ ಮಾಡಿದ್ದು. 435 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ್ದನ್ನು 145ರಲ್ಲಿ ವಾಪಸು ಕೊಡುತ್ತಿತ್ತು. ತಲೆಯ ಮೇಲೆ ಹಾದುಹೋಗುವ ಹತ್ತು–ಹದಿನೈದು ನಿಮಿಷ ಕೈಯಲ್ಲಿ ಯಾಗಿ ಆಂಟೆನಾ ಹಿಡಿದು ಅದರ ಜಾಡು ಹಿಂಬಾಲಿಸಬೇಕಿತ್ತು. ಘಟ್ಟ, ದಿಗಂತ ಯಾವ ತಕರಾರೂ ಇರಲಿಲ್ಲ. 2014ರ ಜುಲೈನಲ್ಲಿ ಬ್ಯಾಟರಿ ಸತ್ತು ಅದು ಸುಮ್ಮನಾಗುವವರೆಗೆ ಒಂಬತ್ತು ವರ್ಷ ದುಡಿಯಿತು.

ಸ್ಮರಣ ಸಂಚಿಕೆಗಳಲ್ಲಿ ಹ್ಯಾಮ್‌ಗಳ ಬಗ್ಗೆ ಬರೆದರೆ ವಿಪತ್ತಿನ ಸಾಹಸಗಳೇ ಪುಟ ತುಂಬುತ್ತವೆ. 1993ರ ಲಾತೂರ್ ಭೂಕಂಪ, 2001ರ ಗುಜರಾತ್ ಭೂಕಂಪ ಎರಡರಲ್ಲೂ ಹವ್ಯಾಸಿಗಳು ದುಡಿದದ್ದು ನಿಜ. 2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯ ಭಾರತಿ ಪ್ರಸಾದ್ (ವಿಯು2ಆರ್‌ಬಿಐ) ತಂಡದೊಡನೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹೋದದ್ದು ಜಗತ್ತಿನ ಹ್ಯಾಮ್‌ಗಳಿಗೆ ಅಂಡಮಾನಿನ ಅಪರೂಪದ ಸಂಪರ್ಕ ಒದಗಿಸುವ ಹವ್ಯಾಸದ ಕೆಲಸಕ್ಕೆ. ಒಂದೇ ಬೆಳಗಿನಲ್ಲಿ ಅದೇ ರಿಗ್ ದ್ವೀಪದವರ ಕ್ಷೇಮ ಸಮಾಚಾರವನ್ನು ಮುಖ್ಯಭೂಮಿಗೆ ಸಾಗಿಸತೊಡಗಿತು. ಈ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸಾಹಸವಲ್ಲ. ಅವರ ಆಂಟೆನಾ ಆಗಲೇ ಕಟ್ಟಿತ್ತು, ಯಾವ ಹೊತ್ತಿನಲ್ಲಿ ಯಾವ ಬ್ಯಾಂಡು ಎಲ್ಲಿಗೆ ತೆರೆಯುತ್ತದೆಂದು ದಿನವೂ ಮಾತಾಡಿ ಗೊತ್ತಿತ್ತು, ಆ ಕಡೆ ಕೇಳುವವರು ಕೂತಿದ್ದರು. ಹೊಸದಾಗಿ ಪೆಟ್ಟಿಗೆ ಬಿಚ್ಚಿ ಪುಸ್ತಕ ಓದುತ್ತ ಕೂರಬೇಕಾಗಿದ್ದರೆ ಕತೆ ಬೇರೆಯಾಗುತ್ತಿತ್ತು. ಬೆಳಗಿನ ನೆಟ್‌ನ ಸಪ್ಪೆ ಮಾತುಕತೆಯ ಬೆಲೆ ಇಂಥ ಕಡೆ ಗೊತ್ತಾಗುತ್ತದೆ.

ನಮ್ಮಲ್ಲಿ ಭೂಕಂಪದ ಭಯ ಕಡಿಮೆ, ಹೊಳೆಯದು ಹೆಚ್ಚು. ಗಾಜನೂರು ಅಣೆಕಟ್ಟಿನಿಂದಲೂ ಭದ್ರಾ ಜಲಾಶಯದಿಂದಲೂ ಒಟ್ಟಿಗೆ ನೀರು ಬಿಟ್ಟರೆ ಹೊನ್ನಾಳಿ, ಹರಿಹರದ ತಗ್ಗಿನ ಬಡಾವಣೆಗಳಿಗೆ ನೀರು ಬರುತ್ತದೆ, ಉಕ್ಕಡಗಾತ್ರಿಯ ದಾರಿ ಮುಳುಗುತ್ತದೆ. ಮೊಬೈಲ್ ಗೋಪುರಗಳು ಸಾಮಾನ್ಯವಾಗಿ ನಿಂತೇ ಇರುತ್ತವೆ, ಕರೆಂಟು ಹೋಗಿ ಜನರೇಟರಿನ ಡೀಸೆಲ್ ತೀರುವವರೆಗೆ. ಆಮೇಲೆ ಉಪಯೋಗಕ್ಕೆ ಬರುವುದು ಕಾರಿನ ಬ್ಯಾಟರಿಗೆ ಜೋಡಿಸಿದ ರಿಗ್ಗು. ನದಿಗುಂಟ ಊರಿಂದೂರಿಗೆ ವಿಎಚ್‌ಎಫ್ ಎಲ್ಲಿ ಕೇಳುತ್ತದೆ, ಎಲ್ಲಿ ದಿಬ್ಬ ಅಡ್ಡ ಬರುತ್ತದೆ, ಎಲ್ಲಿ ಏಳು ಮೆಗಾಹರ್ಟ್ಸ್‌ಗೆ ತಂತಿ ಎಳೆಯಬೇಕಾಗುತ್ತದೆ ಎಂಬುದನ್ನು ಹೊಳೆ ಬಂದ ದಿನ ಹುಡುಕಲಾಗದು. ಮುಂಗಾರಿಗೆ ಮುಂಚೆ, ಮೇ ತಿಂಗಳ ಒಂದು ಭಾನುವಾರ ಸಾಕು. ಒಬ್ಬರು ಹರಿಹರದ ಸೇತುವೆಯ ಬಳಿ, ಒಬ್ಬರು ಹೊನ್ನಾಳಿಯಲ್ಲಿ, ಒಬ್ಬರು ಉಕ್ಕಡಗಾತ್ರಿಯಲ್ಲಿ, ಒಬ್ಬರು ದಾವಣಗೆರೆಯ ಯಾವುದಾದರೂ ಎತ್ತರದ ಮಹಡಿಯಲ್ಲಿ. ಐದು ವ್ಯಾಟಿನ ಹ್ಯಾಂಡ್‌ಸೆಟ್ಟು, ತಲೆಗೆ ಟೋಪಿ, ನೀರಿನ ಬಾಟಲಿ. ದಾವಣಗೆರೆ, ಹರಿಹರದ ಎಂಜಿನಿಯರಿಂಗ್ ಹುಡುಗ ಹುಡುಗಿಯರನ್ನು ಕರೆದುಕೊಂಡು ಹೋದರೆ ಪರೀಕ್ಷೆಗೆ ಓದುವ ಮನಸ್ಸೂ ಅವರಿಗೆ ಬಂದೀತು. ಸಂಜೆ ನಾಲ್ಕೂ ಕಡೆಯ ಲಾಗ್ ಕೂಡಿಸಿ ಒಂದು ನಕ್ಷೆ ಮಾಡಿ, ಒಂದು ಪ್ರತಿ ತಹಶೀಲ್ದಾರರ ಕಚೇರಿಗೆ, ಒಂದು ಜಿಲ್ಲಾಧಿಕಾರಿಗಳ ಕಚೇರಿಗೆ ಕೊಟ್ಟು, ಇನ್ನೊಂದನ್ನು ಲಾಗ್‌ಬುಕ್ಕಿನ ಒಳಗೇ ಅಂಟಿಸಿಡಬೇಕು.